ಎರೆಮಣ್ಣಿನ ಅಂಗಳದಲ್ಲಿ ವರ್ಷಗಟ್ಟಲೆ ಉಳಿಯುವ ಹೂಗಿಡ ಯಾವುದು?

ಪ್ರಶ್ನೆ: ಕಲಬುರಗಿಯ ನಮ್ಮ ಮನೆ ಅಂಗಳದಲ್ಲಿ ಕರಿ ಎರೆಮಣ್ಣು, ಮಧ್ಯಾಹ್ನದಿಂದ ಸಂಜೆವರೆಗೆ ನೇರ ಬಿಸಿಲು. ಹಚ್ಚಿದ ಗುಲಾಬಿ, ದಾಸವಾಳ ಎರಡು ವರ್ಷ ದಾಟುತ್ತಿಲ್ಲ. ಬಿಸಿಲು, ಚಳಿ ಎರಡನ್ನೂ ತಾಳುವ ಹೂಗಿಡ ತಿಳಿಸಿ.

ಉತ್ತರ: ಮೇ ತಿಂಗಳ 43 ಡಿಗ್ರಿಯನ್ನು ಬೈಯುವ ಮೊದಲು ಆಗಸ್ಟ್ ಮಳೆ ನೆನಪಿಸಿಕೊಳ್ಳಿ. ಎರೆಯಲ್ಲಿ ನೀರು ನಿಂತರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಹಾಗೆ ಅರ್ಧ ಬೇರು ಕಳೆದುಕೊಂಡ ಗಿಡ ಮುಂದಿನ ಬೇಸಿಗೆಯಲ್ಲಿ ಒಣಗುತ್ತದೆ, ಹೆಸರು ಮಾತ್ರ ಬಿಸಿಲಿಗೆ.

ಆಳದ ಗುಂಡಿ ತೋಡಿ ಮರಳು, ಗೊಬ್ಬರ ತುಂಬಿದರೆ ಸುತ್ತಲಿನ ಜಿಗುಟು ಮಣ್ಣಿನ ನಡುವೆ ಅದು ಬಕೆಟ್‌ನಂತೆ ನೀರು ಹಿಡಿಯುತ್ತದೆ. ಅದರ ಬದಲು ದಿಬ್ಬ ಮಾಡಿ. ಎರಡು ಬುಟ್ಟಿ ಮಣ್ಣಿಗೆ ಒಂದು ಬುಟ್ಟಿ ಮುರುಂ (ಗರಸು ಮಣ್ಣು), ಒಂದು ಬುಟ್ಟಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ, ನೆಲದಿಂದ ಒಂದು ಅಡಿ ಎತ್ತರ, ಮೂರು ಅಡಿ ಅಗಲ ಇರಲಿ. ಜೂನ್ ಕೊನೆಗೆ ಹಚ್ಚಿದರೆ ಬೇಸಿಗೆಯೊಳಗೆ ಬೇರು ಇಳಿಯುತ್ತದೆ. ಫೆಬ್ರುವರಿಯಲ್ಲಿ ನರ್ಸರಿಯ ನೆರಳಿನಿಂದ ತಂದ ಗಿಡಕ್ಕೆ ಆ ಅವಕಾಶವೇ ಇಲ್ಲ.

ಮೊದಲ ಆಯ್ಕೆ ಕಣಗಿಲೆ. ಎಲೆ ತೊಗಲಿನಂತೆ ದಪ್ಪ. ಉಸಿರಾಡುವ ರಂಧ್ರಗಳು ಎಲೆಯಡಿಯ ಸಣ್ಣ ಕುಳಿಗಳಲ್ಲಿ ರೋಮದ ಮರೆಯಲ್ಲಿರುವುದರಿಂದ ಬಿಸಿಗಾಳಿಗೆ ನೀರು ಬೇಗ ಆರುವುದಿಲ್ಲ. ಆದರೆ ಇಡೀ ಗಿಡ ವಿಷ, ಆಡು-ಎಮ್ಮೆ ಬಾಯಿ ಹಾಕುವ ಕಡೆ ಬೇಡ. ಕಾಗದದ ಹೂವೂ ಗಟ್ಟಿ. ನೀರು ಹೆಚ್ಚಾದರೆ ಬರೀ ಎಲೆ ಬಿಡುತ್ತದೆ. ಸದಾಪುಷ್ಪ ಸತ್ತರೂ ಉದುರಿದ ಬೀಜದಿಂದ ತಾನೇ ಹುಟ್ಟುತ್ತದೆ. ದುಂಡುಮಲ್ಲಿಗೆಗೆ ಡಿಸೆಂಬರ್‌ನಲ್ಲಿ ನೀರು ಕಡಿಮೆ ಮಾಡಿ, ಜನವರಿ ಕೊನೆಗೆ ಒಂದೂವರೆ ಅಡಿಗೆ ಕತ್ತರಿಸಿ, ಗೊಬ್ಬರ-ನೀರು ಕೊಡಿ. ಬಿಸಿಲೇರಿದಂತೆ ಮೊಗ್ಗು ಬರುತ್ತದೆ.

ಮಧ್ಯಾಹ್ನ ಎಲೆ ಬಾಡಿದ ಕೂಡಲೇ ಪೈಪ್ ಹಿಡಿಯಬೇಡಿ. ಬೆರಳು ಎರಡು ಇಂಚು ಇಳಿಸಿ ನೋಡಿ, ತೇವವಿದ್ದರೆ ಸಂಜೆಗೆ ಗಿಡ ತಾನೇ ಎದ್ದು ನಿಲ್ಲುತ್ತದೆ. ಬೇಸಿಗೆಯಲ್ಲಿ ಬುಡದ ಸುತ್ತ ಮೂರು ಇಂಚು ಕಬ್ಬಿನ ರವದಿ (ಒಣಗಿದ ಎಲೆ) ಹರಡಿ, ಕಾಂಡದಿಂದ ನಾಲ್ಕು ಬೆರಳು ದೂರ.

ಚಳಿ ಇಲ್ಲಿ ದೊಡ್ಡ ಶತ್ರುವಲ್ಲ. ರಾತ್ರಿ 10 ಡಿಗ್ರಿ ಹತ್ತಿರ ಬಂದರೆ ಬೆಳವಣಿಗೆ ನಿಂತು ಕೆಲವು ಎಲೆ ಉದುರಬಹುದು. ಆಗ ಯೂರಿಯಾ ಹಾಕಬೇಡಿ.

ದಾಸವಾಳ ಬೇಕೇ ಬೇಕೆಂದರೆ ನಾಟಿ ಕೆಂಪು ತಳಿಯನ್ನು ಪೂರ್ವ ದಿಕ್ಕಿಗೆ ಹಚ್ಚಿ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಅದು ಸುಣ್ಣದ ಮಣ್ಣಿನಲ್ಲಿ ಕಬ್ಬಿಣ ದಕ್ಕದ ಲಕ್ಷಣ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಮತ್ತೊಮ್ಮೆ. ಗೋಡೆ, ಟೈಲ್ಸ್ ಮೇಲೆ ಬಿದ್ದರೆ ತುಕ್ಕಿನ ಕಲೆ ಸುಲಭಕ್ಕೆ ಹೋಗುವುದಿಲ್ಲ.