ಗಂಡಸರು ಮಾತ್ರೆ ನುಂಗಿ ಈಸ್ಟ್ರೋಜನ್ ಇಳಿಸಿಕೊಳ್ಳಬೇಕಾ?

ಪ್ರಶ್ನೆ: ನನಗೆ 34 ವರ್ಷ. ಊರು ಪಾವಗಡದ ಕಡೆ, ಕೆಲಸ ತುಮಕೂರಿನಲ್ಲಿ. ಸೊಂಟದ ಸುತ್ತಳತೆ 40 ಇಂಚು, ಶುಗರ್ ಬಾರ್ಡರ್‌ನಲ್ಲಿದೆ. ರಕ್ತಪರೀಕ್ಷೆಯಲ್ಲಿ ಎಸ್ಟ್ರಡಯಾಲ್ (ಈಸ್ಟ್ರೋಜನ್‌ನ ಮುಖ್ಯ ರೂಪ) 38 ಬಂತು. ‘ಇದು ಹೆಂಗಸರ ಹಾರ್ಮೋನ್, ಅದಕ್ಕೇ ಹೊಟ್ಟೆ ಕರಗ್ತಿಲ್ಲ’ ಎಂದು ಜಿಮ್‌ನವರು ಈಸ್ಟ್ರೋಜನ್ ಇಳಿಸುವ ಅನಾಸ್ಟ್ರಜೋಲ್ ಮಾತ್ರೆ ಕೊಟ್ಟಿದ್ದಾರೆ. ತಗೊಳ್ಳಲಾ? ಅಪ್ಪ ಬಚ್ಚಲಲ್ಲಿ ಜಾರಿ ತೊಡೆಮೂಳೆ ಮುರಿದುಕೊಂಡಿದ್ದರು, ಆ ಭಯವೂ ಇದೆ.

ಉತ್ತರ: ತಗೋಬೇಡಿ. ಅದು ಮುಟ್ಟು ನಿಂತ ಹೆಂಗಸರ ಸ್ತನ ಕ್ಯಾನ್ಸರಿಗೆ ಕೊಡುವ ಮಾತ್ರೆ. ಜಿಮ್ ಬ್ಯಾಗಿಗೆ ಅದು ಹೇಗೆ ಬಂತೋ!

ನಿಮ್ಮ 38 ಜಾಸ್ತಿ ಏನಲ್ಲ. ಗಂಡಸರಲ್ಲಿ ಒಂದು ಮಿಲಿಲೀಟರ್ ರಕ್ತಕ್ಕೆ ಸುಮಾರು 10ರಿಂದ 40 ಪಿಕೋಗ್ರಾಂ ಇರುವುದು ಸಹಜ. ಇದರಲ್ಲಿ ಹೆಚ್ಚಿನ ಪಾಲು ನಿಮ್ಮದೇ ಟೆಸ್ಟೋಸ್ಟೀರಾನ್‌ನಿಂದ, ಅಂದರೆ ಗಂಡಸರ ಹಾರ್ಮೋನ್‌ನಿಂದ ಆಗಿದ್ದು. ಅರೋಮಟೇಸ್ ಎಂಬ ಕಿಣ್ವ ಅದನ್ನು ಈಸ್ಟ್ರೋಜನ್ ಮಾಡುತ್ತದೆ. ಈ ಕಿಣ್ವ ಕೊಬ್ಬಿನಲ್ಲಿ ಬೇಕಾದಷ್ಟಿದೆ. ಅಂದರೆ ಹೊಟ್ಟೆ ಬಂದಿದ್ದಕ್ಕೆ ಈಸ್ಟ್ರೋಜನ್ ಏರುತ್ತದೆಯೇ ಹೊರತು, ನಿಮ್ಮ ಕೋಚ್ ಹೇಳಿದ ಹಾಗೆ ತಿರುಗುಮುರುಗಾಗಿ ಅಲ್ಲ.

1994ರಲ್ಲಿ ಅಮೆರಿಕದ ವೈದ್ಯರು 28 ವರ್ಷದ ಒಬ್ಬ ಗಂಡಸಿನ ಬಗ್ಗೆ ಬರೆದರು. ಟೆಸ್ಟೋಸ್ಟೀರಾನ್ ಸರಿಯಾಗಿತ್ತು. ಈಸ್ಟ್ರೋಜನ್ನೂ ಇತ್ತು, ಆದರೆ ಹುಟ್ಟಿನಿಂದಲೇ ಅದು ಅವನ ಮೈಗೆ ಹತ್ತುತ್ತಿರಲಿಲ್ಲ. ಎತ್ತರ 204 ಸೆಂಟಿಮೀಟರ್, ಇನ್ನೂ ಬೆಳೆಯುತ್ತಲೇ ಇದ್ದ! ಮೂಳೆಯ ವಯಸ್ಸು 15, ಅದೂ ಟೊಳ್ಳು. ಜೊತೆಗೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಗಂಡಸಿನ ಮೂಳೆ ಬಲಿಯೋಕೆ ಟೆಸ್ಟೋಸ್ಟೀರಾನ್ ಒಂದೇ ಸಾಲದು ಅಂತ ಗೊತ್ತಾಗಿದ್ದು ಹೀಗೆ.

2013ರ ಇನ್ನೊಂದು ಅಧ್ಯಯನ ನಿಮ್ಮ ಹೊಟ್ಟೆಗೇ ಸಂಬಂಧಿಸಿದ್ದು. ಆರೋಗ್ಯವಂತ ಗಂಡಸರಿಗೆ 16 ವಾರ ಇದೇ ಅನಾಸ್ಟ್ರಜೋಲ್ ಕೊಟ್ಟು ಈಸ್ಟ್ರೋಜನ್ ಕಟ್ಟಿಹಾಕಿದರು. ಮೈಕೊಬ್ಬು ಏರಿತು, ಕಾಮಾಸಕ್ತಿ ಇಳಿಯಿತು. ಮಾಂಸಖಂಡ ಮತ್ತು ಕಸುವು ಮಾತ್ರ ಟೆಸ್ಟೋಸ್ಟೀರಾನ್ ಕೈಯಲ್ಲಿದ್ದವು. ಹೊಟ್ಟೆ ಕರಗಿಸೋಕೆ ಹೋಗಿ ಹೊಟ್ಟೆ ಬೆಳೆಸಿಕೊಂಡ ಹಾಗಾಯ್ತು ಅಲ್ವಾ?

ನೀವು ಮಾಡಬೇಕಾದ್ದು ಸೊಂಟ ಇಳಿಸುವುದು. ಕೊಬ್ಬು ಕರಗಿದರೆ ಟೆಸ್ಟೋಸ್ಟೀರಾನ್ ತಾನಾಗಿಯೇ ಏರುವುದುಂಟು, ಶುಗರ್ ಕೂಡ ಹತೋಟಿಗೆ ಬರುತ್ತದೆ. ಭಾರ ಎತ್ತುವುದನ್ನು ಬಿಡಬೇಡಿ, ಅದು ಮೂಳೆಗೂ ಒಳ್ಳೆಯದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ ನಿಜ. ಆದರೆ ಶುಗರ್ ಬಾರ್ಡರ್‌ನಲ್ಲಿರುವವರಿಗೆ ಒಂದು ಮುದ್ದೆ ಸಾಕು. ಹೊಟ್ಟೆ ತುಂಬದಿದ್ದರೆ ಸೊಪ್ಪಿನ ಸಾರು ಇನ್ನಷ್ಟು ಹಾಕಿಸಿಕೊಳ್ಳಿ. ಎದೆಯಲ್ಲಿ ಗಡ್ಡೆ ಕಂಡರೆ, ನೋವಿರಲಿ ಇಲ್ಲದಿರಲಿ, ವೈದ್ಯರಿಗೆ ತೋರಿಸಿ.

ಇನ್ನು ಮೂಳೆಯ ಭಯ. ಮುಂದೆಂದಾದರೂ ಮೂಳೆ ಸಾಂದ್ರತೆಯ ಸ್ಕ್ಯಾನ್ ಮಾಡಿಸಿದರೆ, ಪಾವಗಡದ ಬೋರ್‌ವೆಲ್ ನೀರು ಎಷ್ಟು ವರ್ಷ ಕುಡಿದಿರಿ ಅನ್ನೋದನ್ನು ವೈದ್ಯರಿಗೆ ಹೇಳಿ. ಆ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಫ್ಲೋರೈಡ್ ಜಾಸ್ತಿ ಸೇರಿದ ಮೂಳೆ ಸ್ಕ್ಯಾನಿನಲ್ಲಿ ಗಟ್ಟಿಯಾಗೇ ಕಾಣುತ್ತದೆ. ಹಾಗಿದ್ದೂ ಸುಲಭವಾಗಿ ಮುರಿಯಬಹುದು.