ಬರೆಯಿರಿ, ಆದರೆ ಮಗನನ್ನು ಒಂದು ಮಾತು ಕೇಳಿ

ದಾವಣಗೆರೆಯ ಓದುಗರೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಅವರಿಗೆ ಎಂಟು ವರ್ಷದ ಮಗ, ಐದು ವರ್ಷದ ಮಗಳು. ಮಕ್ಕಳ ಮಾತು, ತಂಟೆ, ಜಗಳ ಎಲ್ಲವನ್ನೂ ಹಳೇ ಡೈರಿಯೊಂದರಲ್ಲಿ ಬರೆದಿಡುತ್ತಾರೆ. "ಮಕ್ಕಳ ಮಾತನ್ನೂ ಯಾರಾದ್ರೂ ಬರೀತಾರಾ? ಬೇರೆ ಕೆಲಸ ಇಲ್ವಾ?" ಎಂದು ಅವರ ತಂದೆ ಕೇಳುತ್ತಾರಂತೆ. ಈಚೆಗೆ ಇನ್ನೊಂದು ಸಂಗತಿ ನಡೆದಿದೆ. ನೆಂಟರ ಮನೆಯ ಗೃಹಪ್ರವೇಶದಲ್ಲಿ ಅವರು ಮಗನ ಪ್ರಸಂಗವೊಂದನ್ನು ನಟಿಸಿ ಹೇಳಿದರು. ಬಂದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಎದ್ದು ಹೋದ ಮಗ ಊಟಕ್ಕೂ ಬರಲಿಲ್ಲ. "ಇಂಥದ್ದೆಲ್ಲ ಪತ್ರಿಕೆಗೆ ಬರೆಯಬಹುದೇ? ಬರೆದರೆ ಮಕ್ಕಳಿಗೆ ನೋವಾಗುತ್ತದೆಯೇ?" ಎನ್ನುವುದು ಅವರ ಪ್ರಶ್ನೆ.

ಪ್ರಿಯ ಓದುಗರೇ,

ಬರೆಯಿರಿ. ಡೈರಿಯನ್ನು ಯಾವ ಕಾರಣಕ್ಕೂ ನಿಲ್ಲಿಸಬೇಡಿ.

ನಿಮ್ಮ ಪತ್ರದಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಬೆಣ್ಣೆ ದೋಸೆಯ ಪ್ರಸಂಗ. ಭಾನುವಾರ ಬೆಳಗ್ಗೆ ಹೋಟೆಲಿನಿಂದ ದೋಸೆ ಕಟ್ಟಿಸಿಕೊಂಡು ಬಂದಿರಿ. ಮಕ್ಕಳಿಗೆ ಒಂದೊಂದು. ಅಣ್ಣನ ದೋಸೆ ದೊಡ್ಡದು ಎಂದು ಮಗಳು ರಾಗ ತೆಗೆದಳು. ಎರಡೂ ಒಂದೇ ಅಳತೆ ಎಂದು ನೀವು ಒಂದರ ಮೇಲೊಂದು ಇಟ್ಟು ತೋರಿಸಿದಿರಿ. ಅಳು ಇನ್ನೂ ಜೋರಾಯಿತು. ಆಗ ನಿಮ್ಮ ತಾಯಿ ಬಂದರು. ಏನೂ ಮಾತಾಡದೆ ಮೊಮ್ಮಗಳ ದೋಸೆಯನ್ನು ನಾಲ್ಕು ತುಂಡು ಮಾಡಿ ತಟ್ಟೆಯಲ್ಲಿ ಹರಡಿದರು. ಮಗಳು ಬೆರಳಿಟ್ಟು ಎಣಿಸಿದಳು. "ನಂಗೆ ನಾಲ್ಕು, ಅಣ್ಣಂಗೆ ಒಂದೇ!" ಅಳು ಅಲ್ಲಿಗೇ ನಿಂತಿತು. ಈಗ ಅಣ್ಣನ ಮುಖ ಚಿಕ್ಕದಾಯಿತು. ಮೂರನೇ ಕ್ಲಾಸಿನ ಹುಡುಗ, ಲೆಕ್ಕ ಚೆನ್ನಾಗಿ ಗೊತ್ತು. ಆದರೂ ತಟ್ಟೆ ಮುಂದೆ ತಳ್ಳಿ, "ಅಜ್ಜಿ, ನಂದೂ ಮುರಿ" ಅಂದ.

ಎಷ್ಟು ಚೆನ್ನಾಗಿದೆ! ಇದರಲ್ಲಿ ನೀವು ಸೇರಿಸಿದ್ದು ಏನೂ ಇಲ್ಲ. ನಡೆದದ್ದನ್ನು ನಡೆದ ಹಾಗೆ ಬರೆದಿದ್ದೀರಿ, ಅಷ್ಟೇ. ಮಗಳ ಲೆಕ್ಕಕ್ಕೂ ಒಂದು ನ್ಯಾಯವಿದೆ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಇದೇ ವಿಷಯವನ್ನು ಹಿಡಿದು ಮಕ್ಕಳ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದರು. ಅಗಲ ಲೋಟದ ನೀರನ್ನು ಮಗುವಿನ ಕಣ್ಣೆದುರೇ ಉದ್ದನೆಯ ಲೋಟಕ್ಕೆ ಸುರಿದರೆ, ಈಗ ನೀರು ಜಾಸ್ತಿಯಾಯಿತು ಎಂದು ಪುಟ್ಟ ಮಕ್ಕಳು ಹೇಳುತ್ತಾರೆ. ಆಕಾರ ಬದಲಾದರೂ ಅಳತೆ ಬದಲಾಗುವುದಿಲ್ಲ ಎನ್ನುವುದು ಸಾಮಾನ್ಯವಾಗಿ ಏಳು ವರ್ಷದ ಆಸುಪಾಸಿನಲ್ಲಿ ತಲೆಗೆ ಹತ್ತುತ್ತದೆ. ನಿಮ್ಮ ತಾಯಿಗೆ ಪಿಯಾಜೆ ಬೇಕಾಗಲಿಲ್ಲ, ಮಕ್ಕಳನ್ನು ಸಾಕಿದ ಅನುಭವವೇ ಸಾಕಾಯಿತು. ಇನ್ನೊಂದು ಮಾತು. ಪಿಯಾಜೆ ತಮ್ಮ ಮೂವರು ಮಕ್ಕಳನ್ನೇ ತೊಟ್ಟಿಲಿನಿಂದ ನೋಡುತ್ತಾ ನೋಡುತ್ತಾ ಬರೆದಿಟ್ಟುಕೊಂಡ ಅಪ್ಪ.

ನಿಮ್ಮ ತಂದೆಯವರಿಗೆ ಡಾರ್ವಿನ್ ಕಥೆಯನ್ನೂ ಹೇಳಿ. 1839ರಲ್ಲಿ ಚಾರ್ಲ್ಸ್ ಡಾರ್ವಿನ್‌ಗೆ ಮೊದಲ ಮಗ ಹುಟ್ಟಿದ. ಮಗು ಯಾವಾಗ ಸೀನಿತು, ಯಾವಾಗ ನಕ್ಕಿತು, ಯಾವುದಕ್ಕೆ ಸಿಟ್ಟು ಬಂತು ಎಂದು ಅವರು ಬರೆಯುತ್ತಾ ಹೋದರು. ಅದನ್ನೇ ಆಧಾರ ಮಾಡಿಕೊಂಡು 1877ರಲ್ಲಿ 'ಮೈಂಡ್' ಎಂಬ ಪತ್ರಿಕೆಯಲ್ಲಿ ಲೇಖನ ಬರೆದರು. ಆ ಹೊತ್ತಿಗೆ ಮಗನಿಗೆ 37 ವರ್ಷ. ಅದರಲ್ಲಿ ಒಂದು ಪ್ರಸಂಗ ಬರುತ್ತದೆ. ಎರಡೂವರೆ ವರ್ಷ ದಾಟಿದ ಪೋರ ಊಟದ ಕೋಣೆಯಿಂದ ಹೊರಗೆ ಬರುತ್ತಿದ್ದಾನೆ. ಬಟ್ಟೆಯ ಮೇಲೆ ಕಟ್ಟಿದ್ದ ಏಪ್ರನ್ನನ್ನು ಜೋಪಾನವಾಗಿ ಸುತ್ತಿ ಹಿಡಿದುಕೊಂಡಿದ್ದಾನೆ. ಅದರೊಳಗೆ ಏನಿದೆ ಎಂದು ಅಪ್ಪ ಕೇಳಿದರೆ ಏನೂ ಇಲ್ಲ ಎನ್ನುತ್ತಾನೆ. ಮತ್ತೆ ಮತ್ತೆ ಅಪ್ಪನಿಗೇ "ಹೋಗು" ಎಂದು ಅಪ್ಪಣೆ ಕೊಡುತ್ತಾನೆ! ಬಿಚ್ಚಿ ನೋಡಿದರೆ ಉಪ್ಪಿನಕಾಯಿ ರಸದ ಕಲೆ. ಜೀವವಿಕಾಸದ ಬಗ್ಗೆ ಯೋಚಿಸುತ್ತಿದ್ದ ಮನುಷ್ಯನಿಗೆ ಉಪ್ಪಿನಕಾಯಿ ಕಳ್ಳನ ಬಗ್ಗೆ ಬರೆಯಲು ಪುರುಸೊತ್ತಿತ್ತು. ನಿಮಗೂ ಇರಲಿ.

ಕನ್ನಡದಲ್ಲೂ ಮನೆಯೊಳಗಿನ ನಗುವಿಗೆ ಜಾಗ ಇದ್ದೇ ಇದೆ. ವೈದ್ಯರಾಗಿದ್ದ ಎಂ. ಶಿವರಾಂ, ನಮ್ಮೆಲ್ಲರ 'ರಾಶಿ', 1942ರಲ್ಲಿ 'ಕೊರವಂಜಿ' ಎಂಬ ಹಾಸ್ಯ ಪತ್ರಿಕೆ ಶುರು ಮಾಡಿ 25 ವರ್ಷ ನಡೆಸಿದರು. ಮಕ್ಕಳ ವಿಷಯದಲ್ಲಿ ಅಪ್ಪಂದಿರು ಬರೆದದ್ದು ಮಾತ್ರ ಕಡಿಮೆ ಎಂದು ನನಗೆ ಅನಿಸುತ್ತದೆ. ಎಷ್ಟೋ ಮನೆಗಳಲ್ಲಿ ಅಪ್ಪನ ಚಪ್ಪಲಿ ಸದ್ದು ಕೇಳಿದರೆ ಮಕ್ಕಳು ಪುಸ್ತಕ ಹಿಡಿದು ಕೂರುತ್ತಿದ್ದರು. ಅವರ ತಮಾಷೆಯೆಲ್ಲ ಅಮ್ಮನಿಗೆ, ಅಜ್ಜಿಗೆ ಗೊತ್ತಿರುತ್ತಿತ್ತು. ಅಪ್ಪನಿಗೆ ಮಾರ್ಕ್ಸ್ ಕಾರ್ಡ್ ಮಾತ್ರ ಗೊತ್ತಿರುತ್ತಿತ್ತು. ಈಗ ತಲೆ ಬಾಚುವ, ಶೂ ಲೇಸ್ ಕಟ್ಟುವ, ರಾತ್ರಿ ಒಂಬತ್ತಕ್ಕೆ ಚಾರ್ಟ್ ಪೇಪರ್ ಹುಡುಕಿಕೊಂಡು ಅಂಗಡಿ ಅಂಗಡಿ ತಿರುಗುವ ಅಪ್ಪಂದಿರು ಇದ್ದಾರೆ. ಅವರು ಕಂಡದ್ದು ಬರವಣಿಗೆಗೆ ಬರಬೇಕು. ನಿಮ್ಮಂಥವರು ಬರೆಯಲಿ ಎಂದು ನಾನು ಆಸೆಪಡುವುದು ಅದಕ್ಕೇ.

ಇನ್ನು ಗೃಹಪ್ರವೇಶದ ವಿಷಯ. ನೀವು ಬರೆದ ಪ್ರಸಂಗವನ್ನು ಎರಡು ಸಲ ಓದಿದೆ. ಮಗ ಒಂದನೇ ಕ್ಲಾಸಿನಲ್ಲಿದ್ದಾಗ ಶಾಲೆಯಲ್ಲಿ ರಾಜ್ಯೋತ್ಸವಕ್ಕೆ ಒನಕೆ ಓಬವ್ವನ ರೂಪಕ. ಇವನು ಹೈದರಾಲಿಯ ಸೈನಿಕ. ರಟ್ಟಿನಲ್ಲಿ ಮಾಡಿದ ಕಿಂಡಿಯೊಳಗಿಂದ ತೂರಿ ಬರಬೇಕು, ಓಬವ್ವ ಒನಕೆ ಎತ್ತಬೇಕು, ಇವನು ಬೀಳಬೇಕು. ಓಬವ್ವನಾದ ಹುಡುಗಿ ಚಪ್ಪಾಳೆಯ ಹುರುಪಿಗೆ ನಿಜವಾಗಿಯೂ ತಲೆಗೆ ಒಂದು ಕೊಟ್ಟಳು. ಸೈನಿಕ ಬೀಳಲಿಲ್ಲ. ಎದ್ದು ನಿಂತು, "ಟೀಚರ್, ಮುಟ್ಟಿಸಬಾರದು ಅಂತ ಹೇಳಿದ್ರಲ್ವಾ?" ಎಂದು ಕೇಳಿದ. ಸಭೆಯೆಲ್ಲ ನಕ್ಕಿತು. ಆಮೇಲೆ ಅವನಿಗೆ ಅಳು ಬಂತು.

ಗೃಹಪ್ರವೇಶದಲ್ಲಿ ನೀವು ಹೇಳಿದ್ದು 'ಒಂದೇಟಿಗೆ ಅತ್ತ ಸೈನಿಕ'ನ ಕಥೆ. ಅವನು ಅತ್ತ ರೀತಿಯನ್ನೂ ನಟಿಸಿ ತೋರಿಸಿದಿರಿ. ಆದರೆ ನಿಮ್ಮದೇ ಪತ್ರದಲ್ಲಿ ಇರುವುದು ಬೇರೆ ಕಥೆ. ಒಂದು ಒಪ್ಪಂದವಿತ್ತು. ಒನಕೆ ಮುಟ್ಟಿಸಬಾರದು, ಮುಟ್ಟಿಸದಿದ್ದರೂ ಇವನು ಬೀಳಬೇಕು. ಒಪ್ಪಂದವನ್ನು ಆ ಕಡೆಯವರು ಮುರಿದರು. ಹುಡುಗ ಹಿಂದಕ್ಕೆ ಹೊಡೆಯಲಿಲ್ಲ, ಓಡಿಹೋಗಲಿಲ್ಲ, ವೇದಿಕೆಯ ಮೇಲೆ ನಿಂತು ನ್ಯಾಯ ಕೇಳಿದ. ಆರು ವರ್ಷದ ಮಗು! ಅತ್ತಿದ್ದು ಏಟಿಗಲ್ಲ, ನ್ಯಾಯ ಕೇಳಿದವನನ್ನು ನೋಡಿ ಅಷ್ಟೂ ಜನ ನಕ್ಕರಲ್ಲ, ಅದಕ್ಕೆ. ಎರಡು ವರ್ಷ ಬಿಟ್ಟು ಅದೇ ನಗು ಮತ್ತೆ ಕೇಳಿಸಿತು. ಈ ಸಲ ನಗಿಸಿದ್ದು ಅಪ್ಪ. ಊಟಕ್ಕೆ ಬಾರದೇ ಇದ್ದದ್ದರಲ್ಲಿ ನನಗೇನೂ ಆಶ್ಚರ್ಯವಿಲ್ಲ.

ಅವನ ಕಡೆಯಿಂದ ಹೇಳಿದರೂ ಜನ ನಗುತ್ತಾರೆ, ನೋಡಿ. ಇನ್ನೂ ಜಾಸ್ತಿ ನಗುತ್ತಾರೆ. ಹೈದರಾಲಿಯ ಸೈನಿಕ ಚಿತ್ರದುರ್ಗದ ಕಿಂಡಿಯಲ್ಲಿ ನಿಂತು ಟೀಚರ್ ಹತ್ತಿರ ದೂರು ಹೇಳುವ ಚಿತ್ರ ಯಾರಿಗೆ ನಗು ತರಿಸುವುದಿಲ್ಲ? ಆದರೆ ಆ ನಗುವಿನಲ್ಲಿ ಹುಡುಗನ ಮರ್ಯಾದೆ ಉಳಿಯುತ್ತದೆ, ಅವನೂ ಸೇರಿಕೊಂಡು ನಗಬಹುದು. ಹಾಗಾಗಿ ಪ್ರಸಂಗ ಬಿಡಬೇಡಿ, ಅಳುವ ನಟನೆ ಬಿಡಿ. ಅವನನ್ನೇ ಕೂರಿಸಿಕೊಂಡು, "ಅವತ್ತು ಏನಾಯ್ತು, ನೀನು ಹೇಳು" ಎಂದು ಕೇಳಿ. ಅವನು ಹೇಳಿದ ಕ್ರಮದಲ್ಲೇ ಬರೆದುಕೊಳ್ಳಿ. ಬೇಡ ಅಂದರೆ ಬೇಡ. ಡೈರಿಯಲ್ಲಿ ಇರಲಿ, ಇಪ್ಪತ್ತು ವರ್ಷ ಬಿಟ್ಟು ಅವನೇ ಕೇಳಿ ಓದಿಸಿಕೊಳ್ಳಬಹುದು.

ಮಗಳ ವಿಷಯದಲ್ಲಿ ಬೇರೆಯದೇ ಎಚ್ಚರ ಬೇಕು. ಐದು ವರ್ಷದ ಮಕ್ಕಳಿಗೆ ವ್ಯಂಗ್ಯ ಸರಿಯಾಗಿ ಅರ್ಥವಾಗುವುದಿಲ್ಲ. ಹಾಲು ಚೆಲ್ಲಿದಾಗ ನೀವು "ಆಹಾ, ಎಂಥಾ ಕೆಲಸ ಮಾಡಿದೆ ನನ್ನ ಬಂಗಾರ" ಅಂದಿರಿ. ಅವಳು ಖುಷಿಯಾಗಿ ಉಳಿದ ಹಾಲನ್ನೂ ಚೆಲ್ಲಿದಳು. ಮಾತನ್ನು ಇದ್ದ ಹಾಗೇ ನಂಬಿದಳು ಪಾಪ. ಇದು ಬರೆಯಲು ಒಳ್ಳೆಯ ಪ್ರಸಂಗ. ಆದರೆ ಅವಳನ್ನು ದಡ್ಡಿ ಎಂದು ಕರೆಯುವ ಆ ಕೊನೆಯ ಸಾಲನ್ನು ದಯವಿಟ್ಟು ಹೊಡೆದುಹಾಕಿ. ಅವಳು "ನಾಳೆ ಅಜ್ಜಿ ಊರಿಗೆ ಹೋಗಿದ್ವಲ್ಲ ಅಪ್ಪಾಜಿ" ಅನ್ನುವುದನ್ನು ಮಾತ್ರ ತಿದ್ದಲು ಹೋಗಬೇಡಿ. ಹಾಗೇ ಇರಲಿ. ನಿನ್ನೆ ನಾಳೆ ಬೆರೆತುಹೋಗುವ ಆ ವಯಸ್ಸು ಬೇಗ ಮುಗಿಯುತ್ತದೆ.

ಕೆಲವು ಮನೆಯೊಳಗೇ ಇರಲಿ. ಹಾಸಿಗೆ ಒದ್ದೆ ಮಾಡಿದ್ದು, ಪರೀಕ್ಷೆಯಲ್ಲಿ ಕಡಿಮೆ ಬಂದದ್ದು, ಬಣ್ಣ, ದಪ್ಪ, ತೊದಲು, ಇವು ನಮಗೆ ಬೇಡ. ನಿಮ್ಮ ಪತ್ರದಲ್ಲಿ ಅಂಥದ್ದು ಒಂದಿದೆ, ಅದನ್ನು ನಾವು ಪಕ್ಕಕ್ಕೆ ಇಟ್ಟಿದ್ದೇವೆ. ಮಕ್ಕಳ ಹೆಸರು ಬದಲಿಸಿ, ಶಾಲೆಯ ಹೆಸರು ಬೇಡವೇ ಬೇಡ, ಫೋಟೋ ಕಳಿಸಬೇಡಿ. ಅಳುತ್ತಿರುವ ಮಗುವಿನ ವಿಡಿಯೋವನ್ನು ಸ್ಟೇಟಸ್‌ಗೆ ಹಾಕುವುದಂತೂ ಯಾರಿಗೂ ಬೇಡ. ಒಮ್ಮೆ ನಮ್ಮ ಮೊಬೈಲಿನಿಂದ ಹೊರಗೆ ಹೋದದ್ದು ಎಲ್ಲೆಲ್ಲಿ ಸುತ್ತುತ್ತದೋ ಹೇಳಲಾಗದು.

ಮುಂದಿನ ಸಂಚಿಕೆಗೆ ದೋಸೆಯ ಪ್ರಸಂಗ ಖಂಡಿತ ಹಾಕುತ್ತೇವೆ. ಅದರ ಜೊತೆ ಮಗನ ಹಲ್ಲಿನದನ್ನೂ ಪೂರ್ತಿ ಬರೆದು ಕಳಿಸಿ. ಮೊದಲ ಹಾಲುಹಲ್ಲು ಬಿತ್ತು, ಸಗಣಿಯಲ್ಲಿಟ್ಟು ಮಾಡಿನ ಮೇಲೆ ಎಸೆಯಬೇಕು ಎಂದು ಅಜ್ಜಿ ಅಂದರು, ಅಪ್ಪ ಮಗ ಬೆಳಗ್ಗೆ ಬೈಕಿನಲ್ಲಿ ಸಗಣಿ ಹುಡುಕಿಕೊಂಡು ಹೊರಟರು. ಅಲ್ಲಿಗೆ ನೀವು ಪುಟ ಮುಗಿಸಿಬಿಟ್ಟಿದ್ದೀರಿ! ಬಡಾವಣೆಯಲ್ಲಿ ಸಗಣಿ ಸಿಕ್ಕಿದ್ದು ಎಲ್ಲಿ? ಕೊಟ್ಟವರು ಏನಂದರು? ನಿಮ್ಮದು ಮೂರನೇ ಮಹಡಿಯ ಮನೆ, ಹೆಂಚಿಲ್ಲ, ಮತ್ತೆ ಎಸೆದದ್ದು ಯಾರ ಮನೆಯ ಮೇಲೆ? ಮಗನನ್ನು ಕೇಳಿಕೊಂಡು ಬರೆಯಿರಿ. ಬೈಕಿನ ಹಿಂದೆ ಸಗಣಿ ಉಂಡೆ ಹಿಡಿದು ಕೂತಿದ್ದವನು ಅವನೇ ಅಲ್ವಾ, ನಿಮಗಿಂತ ಚೆನ್ನಾಗಿ ನೆನಪಿರುತ್ತದೆ.

ನಿಮ್ಮ,
ಸಂಪಾದಕ