ಏರಿನಲ್ಲಿ ಜರ್ಕ್ ಹೊಡೆಯುವ ಹಳೆಯ ಮಾರುತಿ

ಪ್ರಶ್ನೆ: ನನ್ನ ಬಳಿ 1997ರ ಮಾರುತಿ 800 ಇದೆ. ಸಂಡೂರಿನಿಂದ ತೋರಣಗಲ್ಲು ಮಾರ್ಗವಾಗಿ ಬಳ್ಳಾರಿಗೆ ಹೋಗಿಬರುತ್ತೇನೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಏರಿನಲ್ಲಿ, ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಗಾಡಿ ಜರ್ಕ್ ಹೊಡೆಯುತ್ತದೆ. ನಿಲ್ಲಿಸಿ ರೇಸ್ ಮಾಡಿದರೆ ಏನೂ ಗೊತ್ತಾಗುವುದಿಲ್ಲ. ಕಾರ್ಬ್ಯುರೇಟರನ್ನು ಎರಡು ಸಲ ಬಿಚ್ಚಿ ತೊಳೆಸಿದ್ದೇನೆ. ಈಗ ಹೊಸದನ್ನೇ ಹಾಕಿಸಬೇಕೆಂದು ಮೆಕ್ಯಾನಿಕ್ ಹೇಳುತ್ತಾರೆ. ಹಾಕಿಸಲೇ?
– ಓದುಗರೊಬ್ಬರು, ಸಂಡೂರು

ಉತ್ತರ: ದಯವಿಟ್ಟು ಈಗಲೇ ಹಾಕಿಸಬೇಡಿ. ಕಾರ್ಬ್ಯುರೇಟರ್ ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ. ನೀವು ಹೇಳಿರುವ ಲಕ್ಷಣಗಳು ಪೆಟ್ರೋಲಿಗಿಂತ ಹೆಚ್ಚಾಗಿ ಅದನ್ನು ಉರಿಸುವ ಸ್ಪಾರ್ಕ್ ಪ್ಲಗ್ಗಿನ ಕಿಡಿಯ ಕಡೆಗೆ ಬೆರಳು ತೋರಿಸುತ್ತವೆ.

ಮೊದಲು ಜರ್ಕ್ ಹೇಗೆ ಬರುತ್ತದೆ ಎಂಬುದನ್ನು ಗಮನಿಸಿ. ಪೆಟ್ರೋಲ್ ಸಾಲದೆ ಹೋದಾಗ ಎಂಜಿನ್ ನಿಧಾನವಾಗಿ ಸೊರಗಿ, ಕಾಲು ಸಡಿಲಿಸಿದ ಕೂಡಲೇ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಕಿಡಿ ತಪ್ಪಿದಾಗಲಾದರೋ ಹಿಂದಿನಿಂದ ಯಾರೋ ಹಿಡಿದು ಎಳೆದು ಬಿಟ್ಟಂತೆ ತಟಕ್ಕನೆ ಜಗ್ಗುತ್ತದೆ. ಏರಿನಲ್ಲಿ ಮಾತ್ರ ಹೀಗಾಗುವುದಕ್ಕೆ ಕಾರಣವಿದೆ. ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರಿನೊಳಗಿನ ಒತ್ತಡ ಹೆಚ್ಚುತ್ತದೆ, ಆ ಒತ್ತಡದಲ್ಲಿ ಪ್ಲಗ್ಗಿನ ಸಂದನ್ನು ದಾಟಲು ಕಿಡಿಗೆ ಹೆಚ್ಚಿನ ವೋಲ್ಟೇಜ್ ಬೇಕಾಗುತ್ತದೆ, ಹಳೆಯ ಪ್ಲಗ್ ವೈರಿನಲ್ಲೋ ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಸರದಿಯಂತೆ ವಿದ್ಯುತ್ತು ಹಂಚುವ ಭಾಗ) ಕ್ಯಾಪಿನಲ್ಲೋ ಬಿರುಕಿದ್ದರೆ ವಿದ್ಯುತ್ತು ಪ್ಲಗ್ಗಿಗೆ ಹೋಗುವ ಬದಲು ಸುಲಭದ ಆ ದಾರಿಯನ್ನೇ ಹಿಡಿಯುತ್ತದೆ. ನಿಂತಲ್ಲೇ ರೇಸ್ ಮಾಡುವಾಗ ಲೋಡ್ ಇಲ್ಲದಿರುವುದರಿಂದ ದೋಷ ಬಯಲಾಗುವುದಿಲ್ಲ.

ರಾತ್ರಿ ಕತ್ತಲಲ್ಲಿ, ಬಿಸಿಯಾದ ಎಂಜಿನ್ ಓಡುತ್ತಿರುವಾಗ ಬಾನೆಟ್ ತೆರೆದು, ಕೈ ದೂರವಿಟ್ಟು ನೋಡಿ. ವೈರುಗಳ ಮೇಲೆ ನೀಲಿ ಕಿಡಿ ಹರಿದಾಡುವುದು ಕಂಡರೆ ವೈರ್ ಸೆಟ್ಟನ್ನು ಪೂರ್ತಿ ಬದಲಿಸಿ. ಏನೂ ಕಾಣದಿದ್ದರೂ ವೈರ್ ಚೆನ್ನಾಗಿದೆ ಎಂದು ತೀರ್ಮಾನಿಸುವಂತಿಲ್ಲ. ಎಂಜಿನ್ ಆರಿಸಿ ಕ್ಯಾಪನ್ನು ಬಿಚ್ಚಿದರೆ ಒಳಗೆ ಪೆನ್ಸಿಲ್ ಗೆರೆಯಂತೆ ತೆಳುವಾದ ಕಪ್ಪು ಜಾಡು ಕಾಣಬಹುದು. ಅದು ವಿದ್ಯುತ್ತು ಸೋರಿದ ಗುರುತು, ಒರೆಸಿದರೆ ಹೋಗುವಂಥದ್ದಲ್ಲ. ಕ್ಯಾಪಿನೊಳಗೆ ತಿರುಗುವ ರೋಟರಿನ ತುದಿ ಸುಟ್ಟಿದೆಯೇ ಎಂಬುದನ್ನೂ ಆಗಲೇ ನೋಡಿಬಿಡಿ. ತಣ್ಣಗಿರುವಾಗ ಸರಿಯಾಗಿದ್ದು ಬಿಸಿಯಾದ ಮೇಲೆ ಕೈಕೊಡುವುದು ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಇಗ್ನಿಷನ್ ಕಾಯಿಲಿನ ಸ್ವಭಾವವೂ ಹೌದು, ಆದ್ದರಿಂದ ಕಾಯಿಲನ್ನು ಬಿಸಿಯಿರುವಾಗಲೇ ಪರೀಕ್ಷಿಸಬೇಕೆಂದು ಮೆಕ್ಯಾನಿಕರಿಗೆ ತಿಳಿಸಿ.

ಪ್ಲಗ್ಗುಗಳನ್ನು ಕಳಚಿದಾಗ ತುದಿ ತಿಳಿಗಂದು ಬಣ್ಣದಲ್ಲಿದ್ದರೆ ಸರಿ. ಒಣಮಸಿ ಕಟ್ಟಿದ್ದರೆ ಪೆಟ್ರೋಲ್ ಹೆಚ್ಚು, ಬೆಳ್ಳಗೆ ಸುಣ್ಣದಂತಿದ್ದರೆ ಗಾಳಿ ಹೆಚ್ಚು. ನಿಮ್ಮದು ಮೂರು ಸಿಲಿಂಡರಿನ ಎಂಜಿನ್. ಒಂದೇ ಪ್ಲಗ್ ಬೇರೆ ಬಣ್ಣದಲ್ಲಿದ್ದರೆ ದೋಷವನ್ನು ಆ ಸಿಲಿಂಡರಿನಲ್ಲಿ ಹುಡುಕಬೇಕು. ಕಾರ್ಬ್ಯುರೇಟರ್ ಮೂರಕ್ಕೂ ಒಂದೇ ಆಗಿರುವಾಗ ಅದನ್ನು ದೂರುವುದರಲ್ಲಿ ಅರ್ಥವಿಲ್ಲ.

ಕಿಡಿಯಲ್ಲಿ ದೋಷ ಸಿಗದಿದ್ದರೆ ಮಾತ್ರ ಪೆಟ್ರೋಲಿನ ಕಡೆಗೆ ಹೊರಳಿ. ಜರ್ಕ್ ಬಂದಾಗ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಟ್ಯಾಂಕಿನ ಮುಚ್ಚಳ ತೆರೆಯಿರಿ. ಗಾಳಿ ಒಳನುಗ್ಗುವ ಸದ್ದು ಕೇಳಿಸಿ, ಆಮೇಲೆ ಗಾಡಿ ಸರಾಗವಾಗಿ ಓಡಿದರೆ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿದೆ ಎಂದು ತಿಳಿಯಬಹುದು. ಅದೂ ಅಲ್ಲದಿದ್ದರೆ ಪೆಟ್ರೋಲ್ ಫಿಲ್ಟರ್ ಬದಲಿಸಿ, ಪೆಟ್ರೋಲ್ ಪಂಪಿನ ಡಯಾಫ್ರಾಮ್ (ಒಳಗಿನ ತೆಳು ಪೊರೆ) ನೋಡಿಸಿ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಬೆರೆತಿರುತ್ತದೆ. 1997ರ ರಬ್ಬರ್ ಪೈಪುಗಳನ್ನು ಅದಕ್ಕೆಂದು ಮಾಡಿರಲಿಲ್ಲ, ಹಾಗಾಗಿ ಮೆತ್ತಗಾದ ಅಥವಾ ಬಿರಿದ ಪೈಪನ್ನು ಉಳಿಸಿಕೊಳ್ಳಲೇಬೇಡಿ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಸೋರಿದರೆ ಬೆಂಕಿಯ ಅಪಾಯವಿದೆ. ಅದಿರಿನ ಲಾರಿಗಳು ಎಬ್ಬಿಸುವ ಕೆಂಪು ಧೂಳಿನ ರಸ್ತೆಯಲ್ಲಿ ಓಡಾಡುವ ನೀವು ಏರ್ ಫಿಲ್ಟರನ್ನು ಕೈಪಿಡಿ ಹೇಳುವ ಅವಧಿಗಿಂತ ಮೊದಲೇ ಬದಲಿಸುವುದು ಒಳ್ಳೆಯದು.

ಇಷ್ಟಾದರೂ ಜರ್ಕ್ ನಿಲ್ಲದಿದ್ದರೆ ಮೂರೂ ಸಿಲಿಂಡರಿನ ಕಂಪ್ರೆಷನ್ (ಪಿಸ್ಟನ್ ಒತ್ತಿದಾಗ ಒಳಗೆ ಏರುವ ಒತ್ತಡ) ಅಳತೆ ಮಾಡಿಸಿ, ಬಂದ ಅಂಕಿಗಳನ್ನು ನಮಗೆ ಬರೆದು ಕಳುಹಿಸಿ.